ಉಮ್ಮರಬ್ಬ ಒಳಗೆ ಹೋದ ಶುಕ್ರವಾರ

ನೋಡುವಂಥ ಜಾಗಗಳ ಹತ್ತಿರ ನೆರಳು ಎಲ್ಲಿ ಬೀಳುತ್ತದೆ ಎಂದು ಉಮ್ಮರಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ ಐನ್ ಕೋಟೆಯ ಎದುರು ಬೆಳಿಗ್ಗೆ ಹೋದರೆ ಗೋಡೆಯ ಪಕ್ಕ, ಮಧ್ಯಾಹ್ನದ ಮೇಲಾದರೆ ಖರ್ಜೂರದ ಮರದ ಕೆಳಗೆ. ದುಬೈ ಮ್ಯೂಸಿಯಂ ಆದರೆ ಮಸೀದಿಯ ಬದಿ. ಎಲ್ಲಿ ಚಾ ಒಳ್ಳೆಯದು, ಎಲ್ಲಿ ಟಾಯ್ಲೆಟ್ಟಿನಲ್ಲಿ ನೀರು ಬರುತ್ತದೆ, ಎಲ್ಲಿ ಪೊಲೀಸ್ ಬಂದು ಗಾಡಿ ತೆಗೆ ಅನ್ನುತ್ತಾನೆ, ಅದೂ ಗೊತ್ತಿತ್ತು. ಆ ಜಾಗದ ಒಳಗೆ ಏನಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಅವರು ಒಳಗೆ ಹೋದವರೇ ಅಲ್ಲ. ಬಿದಿಯಾದ ಹಳೆಯ ಮಣ್ಣಿನ ಮಸೀದಿಗೆ ಹೋಗಿದ್ದರು. ಅದು ನಮಾಜಿಗೆ.

ಉಮ್ಮರಬ್ಬ ಉಳ್ಳಾಲದ ಬ್ಯಾರಿ. ಗಲ್ಫಿಗೆ ಬಂದ ಹೊಸತರಲ್ಲಿ ಅಲ್ ಕೂಜಿನ ಒಂದು ಗೋದಾಮಿನಲ್ಲಿ ಮೂಟೆ ಹೊತ್ತರು. ಮುಹೈಸ್ನಾದ ಕ್ಯಾಂಪಿನಲ್ಲಿ ಮಲಗಿದರು. ಆಮೇಲೆ ಡ್ರೈವಿಂಗ್ ಕಲಿತರು. ಲೈಸೆನ್ಸ್ ಪರೀಕ್ಷೆಯಲ್ಲಿ ಎಷ್ಟು ಸಲ ಫೇಲಾದರು ಎಂದು ಅವರು ಯಾರಿಗೂ ಹೇಳಿದವರಲ್ಲ. ಕೇಳಿದರೆ, "ಕೊನೆಗೆ ಪೊಲೀಸಿಗೇ ಬೇಜಾರಾಯ್ತು" ಅನ್ನುತ್ತಿದ್ದರು. ನಾನು ಅವರನ್ನು ಕಂಡದ್ದು ಅಬುಧಾಬಿಯಲ್ಲಿ. ನಾವು ಒಂದೇ ಕಂಪನಿಯವರು. ಅವರು ಬಿಳಿ ಮಿನಿಬಸ್ಸು ಓಡಿಸುತ್ತಿದ್ದರು. ನಾನು ಅಡುಗೆಯವ. ನನ್ನ ಹೆಸರು ಶೀನ, ಊರು ಮುಲ್ಕಿ. ನನ್ನ ವಿಷಯ ಇಷ್ಟು ಸಾಕು.

ನಮ್ಮ ಕ್ಯಾಂಪು ಒಂದು ದ್ವೀಪದಲ್ಲಿತ್ತು. ಸಮುದ್ರದ ಕರೆಯಿಂದ ದೋಣಿಯಲ್ಲಿ ಹೋಗಬೇಕು. ಅಲ್ಲಿಗೆ ಇಂಗ್ಲೆಂಡ್ ಕಡೆಯ ಹುಡುಗ ಹುಡುಗಿಯರು ಬರುತ್ತಿದ್ದರು. ಸ್ಕೂಲು ಮುಗಿಸಿ ಕಾಲೇಜಿಗೆ ಸೇರುವ ಮೊದಲು ಒಂದು ವರ್ಷ ದೇಶ ಸುತ್ತುವ ಕ್ರಮ ಅವರಲ್ಲಿದೆ. ಸುಮ್ಮನೆ ಸುತ್ತಬಾರದು ಎಂದು ಅಲ್ಲಲ್ಲಿ ಸಂಬಳವಿಲ್ಲದೆ ಕೆಲಸವನ್ನೂ ಮಾಡುತ್ತಾರೆ. ನಮ್ಮಲ್ಲಿ ಅವರ ಕೆಲಸ ಕೆಸರಿನಲ್ಲಿ ಕಾಂಡ್ಲಾ ಗಿಡ ನೆಡುವುದು, ಕಡಲಾಮೆ ಎಣಿಸುವುದು. ಸಂಬಳವಿಲ್ಲ ಮಾತ್ರವಲ್ಲ, ಬರುವುದಕ್ಕೆ ಅವರೇ ಹಣ ಕಟ್ಟಬೇಕು. ಇದನ್ನು ನಂಬಲು ನನಗೆ ಬಹಳ ಸಮಯ ಬೇಕಾಯಿತು. ಉಮ್ಮರಬ್ಬ ಬೇಗ ನಂಬಿದರು.

"ಒಂದು ವರ್ಷ ಸುಮ್ಮನೆ ತಿರುಗುವ ಕ್ರಮ ನಮ್ಮಲ್ಲೂ ಉಂಟು ಶೀನ. ಎಸ್ಸೆಸ್ಸೆಲ್ಸಿ ಫೇಲಾದವರು ಮಾಡ್ತಾರೆ."

ವಾರವಿಡೀ ಆ ಮಕ್ಕಳು ಬಿಸಿಲಿನಲ್ಲಿ ಬೆಂದು ಸಿಗಡಿಯ ಬಣ್ಣಕ್ಕೆ ಬರುತ್ತಿದ್ದರು. ಶುಕ್ರವಾರ ರಜೆ. ಆ ದಿನ ಊರು ತೋರಿಸಬೇಕು. ಎಲ್ಲಿಗೆ ಹೋಗಬೇಕೆಂದು ಆಫೀಸಿನ ಕ್ಲಾರಾ ಬಾಯಿ ಬರೆದು ಹಾಕುತ್ತಿದ್ದರು. ಅವರು ಕಿನ್ನಿಗೋಳಿಯವರು. ಒಳ್ಳೆಯವರು, ಪ್ರೋಗ್ರಾಮ್ ತಪ್ಪಿದರೆ ಮಾತ್ರ ಬಿಡುವವರಲ್ಲ. ಉಮ್ಮರಬ್ಬ ಗಾಡಿ ಬಿಡುತ್ತಿದ್ದರು. ಊಟದ ಡಬ್ಬಗಳ ಜೊತೆ ನಾನೂ ಹೋಗುತ್ತಿದ್ದೆ.

ಆ ಮಕ್ಕಳಿಗೆ ಎಲ್ಲವೂ ನೋಡಬೇಕು. ಮರಳಿನ ದಿಬ್ಬದ ಮೇಲೆ ನಿಂತು ಸೂರ್ಯ ಹುಟ್ಟುವುದನ್ನು ನೋಡಬೇಕು. ಸೂರ್ಯ ದ್ವೀಪದಲ್ಲಿಯೂ ಹುಟ್ಟುತ್ತಾನಲ್ಲ ಎಂದು ಉಮ್ಮರಬ್ಬ ಕ್ಲಾರಾ ಬಾಯಿಯ ಹತ್ತಿರ ಕೇಳಿದ್ದರು. ಗಾಡಿ ನಿಂತ ಕೂಡಲೇ ಮಕ್ಕಳು ಕೇಳುತ್ತಿದ್ದರು, ಒಳಗೆ ಹೇಗಿದೆ ಎಂದು. ಉಮ್ಮರಬ್ಬರದು ಒಂದೇ ಉತ್ತರ.

"ವೆರಿ ನೈಸ್. ಯೂ ಗೋ, ಸೀ."

ಕೋಟೆ ವೆರಿ ನೈಸ್. ಮ್ಯೂಸಿಯಂ ವೆರಿ ವೆರಿ ನೈಸ್. ಒಂಟೆಯ ಸಂತೆ ನೈಸ್, ಬಟ್ ಸ್ಮೆಲ್. ಮಕ್ಕಳು ಒಳಗೆ ಹೋದ ಮೇಲೆ ಅವರು ಸೀಟು ಹಿಂದಕ್ಕೆ ಮಾಡಿ, ಮುಖಕ್ಕೆ ಟವೆಲ್ ಹಾಕಿ, ಮಲಗುತ್ತಿದ್ದರು. ಮಕ್ಕಳ ಚೀಲ ಗಾಡಿಯಲ್ಲಿದೆ, ಕಾಯಬೇಕಲ್ಲ ಎಂದು ಮೊದಲ ವರ್ಷ ಹೇಳಿದರು. ಆಮೇಲೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರು ತಾನಾಗಿ ತೋರಿಸಿದ್ದು ಒಂದೇ ಜಾಗ, ದೇರಾದ ಮೀನು ಮಾರ್ಕೆಟ್. ದುಬೈಗೆ ಹೋದಾಗೆಲ್ಲ ಗಾಡಿ ಅದಾಗಿಯೇ ಆ ಕಡೆ ತಿರುಗುತ್ತಿತ್ತು. ಉಮ್ಮರಬ್ಬ ಬಂಗುಡೆಯ ಕಿವಿರು ಎತ್ತಿ ನೋಡುವುದು, ಬಂಗಾಳಿಯವನ ಜೊತೆ ಜಗಳ ಮಾಡುವುದು, ಎದ್ದು ಹೋದ ಹಾಗೆ ಮಾಡಿ ಮತ್ತೆ ಬರುವುದು, ಇದನ್ನು ಮಕ್ಕಳು ಸುತ್ತ ನಿಂತು ಫೋಟೋ ತೆಗೆಯುತ್ತಿದ್ದರು. ಬರುವಾಗ ಇಡೀ ಬಸ್ಸು ನಾರುತ್ತಿತ್ತು. ಕ್ಲಾರಾ ಬಾಯಿ ಮೂಗು ಮುಚ್ಚಿಕೊಂಡು ಹೇಳಿದರು.

"ಉಮ್ಮರಬ್ಬ, ಮೀನು ಮಾರ್ಕೆಟ್ ಪ್ರೋಗ್ರಾಮಲ್ಲಿ ಇಲ್ಲ."

"ಪ್ರೋಗ್ರಾಮಲ್ಲಿ ಇಲ್ಲ ಬಾಯಿ. ದಾರಿಯಲ್ಲಿ ಉಂಟು."

ಶನಿವಾರ ಸಂಜೆ ಉಮ್ಮರಬ್ಬ ಊರಿಗೆ ಫೋನ್ ಮಾಡುತ್ತಿದ್ದರು. ಅವರ ಮನೆಯಲ್ಲಿ ಫೋನಿರಲಿಲ್ಲ. ನೆರೆಮನೆಯ ಮಾರ್ಟಿನಾ ಟೀಚರ ಮನೆಗೆ ಹೆಂಡತಿ ಅವ್ವಮ್ಮ ಬಂದು ಕಾಯುತ್ತಿದ್ದರು. ಮನೆಯ ಮಕ್ಕಳ ಜ್ವರ, ಬಾವಿಯ ನೀರು, ಇಷ್ಟು ಮುಗಿದ ಮೇಲೆ ಅವ್ವಮ್ಮ ಕೇಳುವುದು ಒಂದೇ. "ನಿನ್ನೆ ಎಲ್ಲಿಗೆ ಹೋದ್ರಿ?"

ಇಲ್ಲಿಂದ ಉಮ್ಮರಬ್ಬ ಬೇರೆ ಮನುಷ್ಯ. ಮಕ್ಕಳು ಬಸ್ಸು ಹತ್ತುವಾಗ ಆಡಿದ ಮಾತು ಅವರ ಕಿವಿಯಲ್ಲಿ ಉಳಿದಿರುತ್ತಿತ್ತು. ಅದನ್ನು ತಾನೇ ಕಂಡ ಹಾಗೆ ಹೇಳುತ್ತಿದ್ದರು. ಅರ್ಥ ಆಗದೆ ಉಳಿದ ಕಡೆ ತನ್ನದೇ ಹಾಕಿ ತುಂಬಿಸುತ್ತಿದ್ದರು. ಆ ತುದಿಯಲ್ಲಿ ಅವ್ವಮ್ಮ ಮಾತ್ರವಲ್ಲ, ಮಾರ್ಟಿನಾ ಟೀಚರು ಮತ್ತು ಅಕ್ಕಪಕ್ಕದ ಹೆಂಗಸರೂ ಕೂತಿರುತ್ತಿದ್ದರು. ಅವ್ವಮ್ಮ ಕೇಳಿ ಕೇಳಿ ಅವರಿಗೆ ಹೇಳುವುದು. ವರ್ಷ ಕಳೆದ ಹಾಗೆ ಅವ್ವಮ್ಮನಿಗೆ ಒಂದು ಹೆಸರು ಬಂತು. ದುಬೈಯ ವಿಷಯ ಬೇಕಾದರೆ ಅವ್ವಮ್ಮನನ್ನು ಕೇಳಬೇಕು. ಗಲ್ಫಿಂದ ರಜೆಯಲ್ಲಿ ಬಂದ ಗಂಡಸರನ್ನೂ ಅವರು ತಿದ್ದುತ್ತಿದ್ದರಂತೆ.

ಹಾಗೆ ತಿದ್ದಿದ್ದೇ ತೊಂದರೆಯಾಯಿತು.

ಉಮ್ಮರಬ್ಬರ ತಮ್ಮ ಅದ್ದು. ಅವನು ದೇರಾದ ಮೀನು ಮಾರ್ಕೆಟ್ಟಿನಲ್ಲಿ ಬಹಳ ಕಾಲ ಕೆಲಸ ಮಾಡಿ ಊರಿಗೆ ಬಂದವನು. ಒಂದು ಮದುವೆ ಮನೆಯಲ್ಲಿ ಅವ್ವಮ್ಮ ಹೆಂಗಸರಿಗೆ ದುಬೈ ಮ್ಯೂಸಿಯಂ ಬಗ್ಗೆ ಹೇಳುತ್ತಿದ್ದರು. ನೆಲದ ಅಡಿಗೆ ಇಳಿದರೆ ಅಲ್ಲಿ ಸಮುದ್ರ ಉಂಟು. ಗಾಜಿನ ಆಚೆ ಮುತ್ತು ಹೆಕ್ಕುವ ಮನುಷ್ಯ ನೀರಿನಲ್ಲಿ ಮುಳುಗುತ್ತಾನೆ, ಉಸಿರಿಗೆ ಮೇಲೆ ಬರುತ್ತಾನೆ, ಮತ್ತೆ ಮುಳುಗುತ್ತಾನೆ. ಅದ್ದು ಬಿರಿಯಾನಿ ಬಡಿಸುತ್ತಿದ್ದವನು ನಿಂತ.

"ಅದು ಗೊಂಬೆ ಅತ್ತಿಗೆ. ನೀರೂ ಇಲ್ಲ, ಎಂಥದೂ ಇಲ್ಲ."

"ನೀನು ದೇರಾದಲ್ಲಿ ಮೀನಿನ ಹೊಟ್ಟೆಯ ಒಳಗೆ ಬಿಟ್ಟು ಬೇರೆ ಎಂಥ ನೋಡಿದ್ದಿ? ನಿನ್ನ ಅಣ್ಣ ವಾರ ವಾರ ಹೋಗುವವರು."

ಜನ ನಕ್ಕರು. ಅದ್ದುವಿಗೆ ನಾಟಿತು. "ನೀವೇ ಒಮ್ಮೆ ಹೋಗಿ ನೋಡಿ ಬನ್ನಿ. ಬಂದು ಇದೇ ಜನರ ಎದುರು ಹೇಳಿ. ನಂದು ಸುಳ್ಳಾದ್ರೆ ಇನ್ನು ಮುಂದೆ ನಾನು ದುಬೈಯ ಸುದ್ದಿ ಎತ್ತುದಿಲ್ಲ. ನಿಮ್ಮದು ಸುಳ್ಳಾದ್ರೆ ನೀವು ಎತ್ತಬಾರದು."

"ಆಯ್ತು," ಎಂದರು ಅವ್ವಮ್ಮ.

ಇದನ್ನು ಅವ್ವಮ್ಮ ಬಹಳ ಕುಶಿಯಲ್ಲಿ ಫೋನಿನಲ್ಲಿ ಹೇಳಿದರು. ಅದೇ ವಾರ ಕ್ಲಾರಾ ಬಾಯಿ ಕಂಪನಿಯ ಸಾಹೇಬರ ಹತ್ತಿರ ಮಾತಾಡಿ ಅವ್ವಮ್ಮನಿಗೆ ವಿಸಿಟ್ ವೀಸಾ ಮಾಡಿಸಿದರು. ಕರೆಯ ಕ್ವಾರ್ಟರ್ಸಿನಲ್ಲಿ ಒಂದು ಖಾಲಿ ರೂಮನ್ನೂ ಕೊಡಿಸಿದರು. ಎಷ್ಟೋ ವರ್ಷದಿಂದ ಕೇಳಿದ್ದು ಈಗ ಸಿಕ್ಕಿತು. ಉಮ್ಮರಬ್ಬ ವೀಸಾ ಹಿಡಿದುಕೊಂಡು ನನ್ನ ಅಡುಗೆಮನೆಗೆ ಬಂದು ಅಕ್ಕಿ ಚೀಲದ ಮೇಲೆ ಕೂತರು.

"ಒಳ್ಳೆಯದಾಯ್ತಲ್ಲ ಉಮ್ಮರಾಕ," ಎಂದೆ.

"ಎಂಥ ಒಳ್ಳೆಯದು ಮಾರಾಯ. ಆ ಮುತ್ತು ಹೆಕ್ಕುವವ ನಿಜವಾಗಿ ಮುಳುಗ್ತಾನಾ?"

"ನಂಗೆ ಗೊತ್ತಿಲ್ಲ. ನೀವೇ ಹೇಳಿದ್ದಲ್ವಾ?"

"ಆ ಹೇಜಲ್ ಹುಡುಗಿ ಬಸ್ಸಲ್ಲಿ ಹೇಳ್ತಿದ್ಲು, ನೆಲದ ಅಡಿಯಲ್ಲಿ ಸಮುದ್ರ, ಮುತ್ತು ಹೆಕ್ಕುವವ, ಅಂತ. ಉಸಿರಿಗೆ ಮೇಲೆ ಬರುದು ನಾನು ಸೇರಿಸಿದ್ದು. ಮುಳುಗಿದವ ಮೇಲೆ ಬರಬೇಕಲ್ಲ. ಇಲ್ಲಾಂದ್ರೆ ಸಾಯ್ತಾನೆ."

ಆ ಶುಕ್ರವಾರ ದುಬೈಗೇ ಹೋಗಲಿಕ್ಕಿತ್ತು. ಉಮ್ಮರಬ್ಬ ನನ್ನ ಕೈಗೆ ಟಿಕೆಟ್ಟಿನ ಹಣ ಕೊಟ್ಟು ಒಳಗೆ ಕಳಿಸಿದರು. ತಾನು ಮಾತ್ರ ಗಾಡಿಯಿಂದ ಇಳಿಯಲಿಲ್ಲ. ನಾನು ಹೋಗಿ ನೋಡಿ ಬಂದೆ. ಅವರು ಸ್ಟೇರಿಂಗ್ ಹಿಡಿದುಕೊಂಡೇ ಕಾಯುತ್ತಿದ್ದರು.

"ಎಂಥ ಉಂಟು?"

"ಒಂಟೆ ಉಂಟು."

"ಮತ್ತೆ?"

"ದೋಣಿ ಉಂಟು."

"ಕೆಳಗೆ?"

"ಕತ್ತಲೆ ಉಂಟು."

"ನಿನ್ನನ್ನು ಕಳಿಸಿದ ನನ್ನ ಬುದ್ಧಿಗೆ ಹೇಳಬೇಕು. ಆ ಮನುಷ್ಯ?"

"ಗೊಂಬೆ. ನೀರಿಲ್ಲ."

ಉಮ್ಮರಬ್ಬ ಸ್ವಲ್ಪ ಹೊತ್ತು ಕನ್ನಡಿ ಒರೆಸಿದರು. ಆಗಲೇ ಸ್ವಚ್ಛ ಇದ್ದ ಕನ್ನಡಿ. "ಅದ್ದು ಹೇಳಿದ್ದೇ ಸರಿ ಹಾಗಾದ್ರೆ. ಇನ್ನು ಅವಳ ಬಾಯಿ ಮುಚ್ಚಿತು. ಶನಿವಾರ ಅವಳು ಎಂಥ ಮಾಡುದು?"

ಅವರಿಗೆ ತನ್ನ ಸುಳ್ಳಿನ ಚಿಂತೆ ಇರಲಿಲ್ಲ. ಹೆಂಡತಿಯ ಶನಿವಾರದ ಚಿಂತೆ. ಅದೊಂದು ಮಾತು ನನಗೆ ನೆನಪಿದೆ.

ಅವ್ವಮ್ಮ ಬಂದಿಳಿದರು. ಎತ್ತರದ ಹೆಂಗಸು, ತಲೆ ಮೇಲೆ ಹೂವಿನ ಶಾಲು. ಉಮ್ಮರಬ್ಬರಿಗಿಂತ ಜೋರು ನಡೆಯುತ್ತಿದ್ದರು. ಅವರಿಬ್ಬರು ಬ್ಯಾರಿ ಭಾಷೆ ಮಾತಾಡುತ್ತಿದ್ದರು, ನನಗೆ ಅರ್ಥ ಆಗುತ್ತಿತ್ತು. ಉಮ್ಮರಬ್ಬರಿಗೆ ರಜೆ ಇಲ್ಲ. ಹಾಗಾಗಿ ಶುಕ್ರವಾರ ಮಕ್ಕಳ ಜೊತೆಯಲ್ಲೇ ಹೆಂಡತಿಯನ್ನೂ ಕರೆದುಕೊಂಡು ಹೋಗುವುದು ಎಂದಾಯಿತು. ಕ್ಲಾರಾ ಬಾಯಿಯ ಹತ್ತಿರ ಅವರು ಗುಟ್ಟಾಗಿ ಕೇಳಿಕೊಂಡರು, ದುಬೈ ಈ ತಿಂಗಳು ಬೇಡ, ಬೇರೆ ಎಲ್ಲಾದರೂ ಹಾಕಿ ಎಂದು. ಕ್ಲಾರಾ ಬಾಯಿ ದುಬೈಯನ್ನು ಕೊನೆಯ ಶುಕ್ರವಾರಕ್ಕೆ ದೂಡಿದರು. ತೆಗೆಯಲಿಲ್ಲ.

ಮೊದಲು ಅಲ್ ಐನ್. ಕೋಟೆಯ ಎದುರು ಉಮ್ಮರಬ್ಬ ಗೋಡೆಯ ನೆರಳಿಗೆ ಸರಿಯಾಗಿ ಗಾಡಿ ನಿಲ್ಲಿಸಿದರು. ಹೇಜಲ್, ಟೋಬಿ, ಉಳಿದ ಮಕ್ಕಳು ಇಳಿದರು. ಅವ್ವಮ್ಮ ಇಳಿದರು. ಉಮ್ಮರಬ್ಬ ಇಳಿಯಲಿಲ್ಲ.

"ನೀನು ಇವರ ಒಟ್ಟಿಗೆ ಹೋಗು. ನಾನು ಗಾಡಿ ನೋಡಿಕೊಳ್ತೇನೆ."

"ಯಾಕೆ, ಇದಕ್ಕೆ ಬೀಗ ಇಲ್ವಾ?"

"ಉಂಟು."

"ಹಾಗಾದ್ರೆ ಹಾಕಿ."

ಉಮ್ಮರಬ್ಬ ನನ್ನ ಮುಖ ನೋಡಿದರು. ನಾನು ಊಟದ ಡಬ್ಬ ನೋಡಿದೆ. ಇಷ್ಟು ವರ್ಷದಲ್ಲಿ ಈ ಮಾತು ಯಾರಿಗೂ ಹೊಳೆದಿರಲಿಲ್ಲ. ಉಮ್ಮರಬ್ಬ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಮುಂದೆ ನಡೆದರು. ನಾನೂ ಹಿಂದಿನಿಂದ ಹೋದೆ.

ಕೋಟೆಯ ಬಾಗಿಲು ದಾಟಿದ ಕೂಡಲೇ ಅವರು ಎಲ್ಲ ಗೊತ್ತಿದ್ದವರ ಹಾಗೆ ಎಡಕ್ಕೆ ತಿರುಗಿದರು. ಎಡಕ್ಕೆ ಕಾವಲುಗಾರನ ರೂಮು. ಅವನು ಚಪ್ಪಲಿ ಬಿಟ್ಟು ಊಟ ಮಾಡುತ್ತಿದ್ದ. ಉಮ್ಮರಬ್ಬ ಅವನಿಗೆ ಸಲಾಂ ಹೇಳಿ ಹೊರಗೆ ಬಂದು ಬಲಕ್ಕೆ ತಿರುಗಿದರು.

"ಅಲ್ಲಿ ಎಂಥ ಇತ್ತು?" ಅವ್ವಮ್ಮ ಕೇಳಿದರು.

"ಪರಿಚಯದವ."

ಮೇಲೆ ಹತ್ತಿದ ಮೇಲೆ ಉಮ್ಮರಬ್ಬ ಹೆಂಡತಿಯನ್ನು ಮರೆತೇಬಿಟ್ಟರು. ಗೋಡೆಯ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರು. ಅಲ್ಲಿಂದ ಅವರ ಬಿಳಿ ಮಿನಿಬಸ್ಸು ಕಾಣುತ್ತಿತ್ತು. "ನೋಡು ಶೀನ, ನಮ್ಮ ಗಾಡಿ. ಇಲ್ಲಿಂದ ಚಂದ ಕಾಣ್ತದೆ." ಮುಂದಿನ ಕಿಂಡಿಗೆ ಹೋದರು. ಅಲ್ಲಿಂದಲೂ ನೋಡಿದರು. ಮಕ್ಕಳಿಗಿಂತ ಹಿಂದೆ ಉಳಿದರು. ಅವ್ವಮ್ಮ ನೆರಳಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದರು, ಕೋಟೆಯನ್ನಲ್ಲ.

ಮರುವಾರ ಫುಜೈರಾ. ಅದರ ಮರುವಾರ ಜೆಬೆಲ್ ಹಫೀತ್ ಬೆಟ್ಟ. ಎಲ್ಲ ಕಡೆ ಅವ್ವಮ್ಮನದು ಒಂದೇ ಪ್ರಶ್ನೆ, "ಮ್ಯೂಸಿಯಂ ಯಾವಾಗ?" ಉಮ್ಮರಬ್ಬರ ಊಟ ಕಮ್ಮಿಯಾಯಿತು. ಬಂಗುಡೆ ಹುರಿದು ಕೊಟ್ಟರೂ ಅರ್ಧ ಬಿಟ್ಟರು. ಒಮ್ಮೆ ಗಾಡಿ ರಿಪೇರಿಗೆ ಬಂದಿದೆ ಎಂದರು. ಕ್ಲಾರಾ ಬಾಯಿ ಬೇರೆ ಗಾಡಿ ತರಿಸುತ್ತೇನೆ ಎಂದಾಗ ರಿಪೇರಿ ತನ್ನಷ್ಟಕ್ಕೆ ಸರಿಯಾಯಿತು.

ಕೊನೆಯ ಶುಕ್ರವಾರ ಬಂತು. ಜುಮಾ ನಮಾಜು ಮುಗಿಸಿ ದುಬೈಗೆ ಹೊರಟೆವು. ಮ್ಯೂಸಿಯಂ ಬಾಗಿಲಿನಲ್ಲಿ ಅವ್ವಮ್ಮನೇ ಎಲ್ಲರಿಗಿಂತ ಮುಂದೆ. ಅಂಗಳದಲ್ಲಿ ಹಳೆಯ ದೋಣಿ, ಖರ್ಜೂರದ ಮಡಲಿನ ಗುಡಿಸಲು, ಫಿರಂಗಿ. ಅದನ್ನು ಅವರು ಬೇಗ ಬೇಗ ನೋಡಿದರು. ಕೆಳಗೆ ಇಳಿಯುವ ದಾರಿ ಎಲ್ಲಿ ಎಂದು ಹೇಜಲಿನ ಹತ್ತಿರ ಕೈಸನ್ನೆಯಲ್ಲಿ ಕೇಳಿದರು. ಗಂಡನ ಹತ್ತಿರ ಕೇಳಲಿಲ್ಲ.

ಕೆಳಗೆ ಮಬ್ಬು ಬೆಳಕು. ಹಳೆಯ ಕಾಲದ ಪೇಟೆಯನ್ನು ಮಾಡಿಟ್ಟಿದ್ದಾರೆ. ಎಲ್ಲಿಂದಲೋ ಪೇಟೆಯ ಗಲಾಟೆ ಕೇಳುತ್ತದೆ. ಒಂದು ಅಂಗಡಿಯಲ್ಲಿ ಗಡ್ಡದ ಮುದುಕ ಕೂತು ನಮ್ಮನ್ನೇ ನೋಡುತ್ತಿದ್ದ. ಉಮ್ಮರಬ್ಬ ಎದೆ ಮೇಲೆ ಕೈಯಿಟ್ಟರು.

"ಅಸ್ಸಲಾಮು ಅಲೈಕುಂ."

ಮುದುಕ ಉತ್ತರ ಕೊಡಲಿಲ್ಲ. ಉಮ್ಮರಬ್ಬ ಮತ್ತೊಮ್ಮೆ ಸ್ವಲ್ಪ ದೊಡ್ಡದಾಗಿ ಹೇಳಿದರು. ಕಿವಿ ಕೇಳುವುದಿಲ್ಲವೋ ಏನೋ. ಟೋಬಿ ಗೋಡೆ ಹಿಡಿದುಕೊಂಡು ನಗಲು ಸುರುಮಾಡಿದ. ಉಮ್ಮರಬ್ಬ ಹತ್ತಿರ ಹೋಗಿ ನೋಡಿದರು, ಮುದುಕನ ಬೆರಳಿನ ಬಣ್ಣ ಸ್ವಲ್ಪ ಎದ್ದಿತ್ತು. ಅವ್ವಮ್ಮ ನಗಲಿಲ್ಲ. ಗಂಡನ ಕೈ ಹಿಡಿದು ಮುಂದೆ ಕರೆದುಕೊಂಡು ಹೋದರು, ಸಣ್ಣವರನ್ನು ಕರೆದುಕೊಂಡು ಹೋದ ಹಾಗೆ.

ಮುತ್ತು ಹೆಕ್ಕುವವನ ಎದುರು ಅವರು ನಿಂತರು. ಹಗ್ಗ ಹಿಡಿದು, ಮೂಗಿಗೆ ಕ್ಲಿಪ್ಪು ಹಾಕಿ, ಮನುಷ್ಯ ತಲೆ ಕೆಳಗೆ ಮಾಡಿ ಇಳಿಯುತ್ತಿದ್ದಾನೆ. ನೀಲಿ ಬೆಳಕು. ನೀರಿಲ್ಲ. ಅವನು ಮೇಲೆ ಬರುವ ಹಾಗೂ ಕಾಣಲಿಲ್ಲ. ಅವ್ವಮ್ಮ ಬಹಳ ಹೊತ್ತು ನೋಡಿದರು. ಮಕ್ಕಳು ಮುಂದೆ ಹೋದರು.

"ಮೊದಲು ನೀರು ಇತ್ತು," ಉಮ್ಮರಬ್ಬ ಹೇಳಿದರು. "ಈಗ ತೆಗೆದಿದ್ದಾರೆ. ಊರಲ್ಲಿ ಹಾಗೆ ಹೇಳು. ಕೆಡವಿ ಬೇರೆ ಕಟ್ಟಿದ್ದಾರೆ ಅಂತ. ದುಬೈಯಲ್ಲಿ ಎಂಥದನ್ನು ಕೆಡವುದಿಲ್ಲ? ಅದ್ದುವಿಗೆ ಎಂಥ ಹೇಳ್ಲಿಕ್ಕುಂಟು ಮತ್ತೆ?"

ಯೋಚನೆ ಒಳ್ಳೆಯದೇ ಇತ್ತು. ನನಗೂ ಸರಿ ಅನ್ನಿಸಿತು. ನಿನ್ನೆ ಇದ್ದ ಕಟ್ಟಡ ಇವತ್ತು ಇರದ ಊರು ಅದು.

ಅವ್ವಮ್ಮ ತಿರುಗಿದರು. "ನೀವು ಇದಕ್ಕಿಂತ ಮೊದಲು ಇಲ್ಲಿಗೆ ಬಂದಿದ್ದೀರಾ?"

"ಬಾರದೆ? ವಾರ ವಾರ..."

"ಒಳಗೆ."

ಉಮ್ಮರಬ್ಬ ಮುತ್ತು ಹೆಕ್ಕುವವನನ್ನು ನೋಡಿದರು. ಅವನಿಂದ ಸಹಾಯ ಸಿಗಲಿಲ್ಲ. "ಇಲ್ಲ."

"ಆ ಕೋಟೆಗೆ?"

"ಇಲ್ಲ."

"ಬೆಟ್ಟಕ್ಕೆ?"

"ಬೆಟ್ಟಕ್ಕೆ ಹೋಗಿದ್ದೇನೆ. ಅದರ ಮೇಲೆ ಗಾಡಿ ಹೋಗ್ತದೆ."

"ಇಷ್ಟು ವರ್ಷ ಹೊರಗೆ ಕೂತು ಎಂಥ ಮಾಡಿದ್ರಿ?"

"ಮಲಗಿದೆ. ಮತ್ತೆ ಇವರು ಬಂದು ಹೇಳಿದ್ದನ್ನು ನಿನಗೆ ಹೇಳಬೇಕಲ್ಲ, ಅದನ್ನು ನೆನಪಿಟ್ಟುಕೊಂಡೆ."

ಅವ್ವಮ್ಮ ಶಾಲು ಸರಿ ಮಾಡಿಕೊಂಡರು. ಸಿಟ್ಟು ಬರುತ್ತದೆ ಎಂದು ನಾನು ಸ್ವಲ್ಪ ದೂರ ಹೋಗಿ ನಿಂತೆ. ಅವರು ಹೇಳಿದ್ದು ಇಷ್ಟೇ. "ಬನ್ನಿ, ಮತ್ತೆ ಮೊದಲಿಂದ ನೋಡುವ. ಈ ಸಲ ನೀವು ಮಾತಾಡಬೇಡಿ."

ಮತ್ತೆ ಮೇಲೆ ಹೋಗಿ, ಬಾಗಿಲಿನಿಂದ ಸುರುಮಾಡಿ, ಒಂದೊಂದನ್ನೇ ನೋಡಿದರು. ಉಮ್ಮರಬ್ಬ ಹಿಂದೆ. ಒಂದೂ ಮಾತಾಡಲಿಲ್ಲ. ಮುದುಕನ ಅಂಗಡಿ ದಾಟುವಾಗ ಮಾತ್ರ ಮುಖ ಆಚೆ ಮಾಡಿದರು. ನಾವು ಹೊರಗೆ ಬರುವಾಗ ಬಿಸಿಲು ಬಸ್ಸಿನ ಮೇಲೆಯೇ ಇತ್ತು. ಮಕ್ಕಳು ಮಸೀದಿಯ ಗೋಡೆಗೆ ಒರಗಿ ನಮ್ಮನ್ನು ಕಾಯುತ್ತಿದ್ದರು. ಹೇಜಲ್ ನಗುತ್ತಾ, ಒಳಗೆ ಹೇಗಿತ್ತು ಎಂದು ಉಮ್ಮರಬ್ಬರನ್ನು ಕೇಳಿದಳು. ಅವರು ಮೊದಲ ಸಲ ಉತ್ತರ ಕೊಡಲಿಕ್ಕೆ ಯೋಚನೆ ಮಾಡಿದರು.

ಅವ್ವಮ್ಮ ಊರಿಗೆ ಹೊರಡುವಾಗ ನನಗೂ ರಜೆ ಸಿಕ್ಕಿತ್ತು. ಹೆಂಗಸು ಒಬ್ಬರೇ ಬೇಡ ಎಂದು ನಮ್ಮಿಬ್ಬರಿಗೂ ಒಂದೇ ವಿಮಾನದಲ್ಲಿ ಟಿಕೆಟ್ ಮಾಡಿಸಿದರು. ಬೊಂಬಾಯಿಗೆ ವಿಮಾನ, ಅಲ್ಲಿಂದ ಬಸ್ಸು. ಏರ್‌ಪೋರ್ಟಿನಲ್ಲಿ ಉಮ್ಮರಬ್ಬ ನನ್ನನ್ನು ಕಂಬದ ಹಿಂದೆ ಕರೆದರು.

"ಅದ್ದು ನಿನ್ನ ಹತ್ತಿರ ಕೇಳಿದ್ರೆ ಎಂಥದೂ ಹೇಳಬೇಡ."

"ನಾನು ಯಾವಾಗ ಹೇಳಿದ್ದೇನೆ?"

"ಅದೂ ಹೌದು. ಅವಳು ಎಂಥ ಹೇಳ್ತಾಳೋ ಗೊತ್ತಿಲ್ಲ. ನಾನು ಕೇಳಿದೆ, ಹೇಳುದಿಲ್ಲ."

ದಾರಿಯಲ್ಲಿ ಅವ್ವಮ್ಮನೂ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ನಿದ್ದೆ ಮಾಡಿದರು.

ಉಳ್ಳಾಲದ ಮನೆಯಲ್ಲಿ ಸಾಮಾನು ಇಳಿಸಿ ನಾನು ಮುಲ್ಕಿಗೆ ಹೊರಡುವವನಿದ್ದೆ. ಊಟ ಮಾಡದೆ ಕಳಿಸುವುದಿಲ್ಲ ಎಂದರು. ಗಲ್ಫಿಂದ ಯಾರಾದರೂ ಬಂದರೆ ಪೆಟ್ಟಿಗೆ ಬಿಚ್ಚುವಾಗ ಜನ ಸೇರುವುದು ಅಲ್ಲಿಯ ಕ್ರಮ. ಮಾರ್ಟಿನಾ ಟೀಚರು ಬಂದರು. ಹೆಂಗಸರೆಲ್ಲ ಒಳಗೆ ಕೂತರು. ಗಂಡಸರು ಜಗಲಿಯಲ್ಲಿ. ಎಲ್ಲರೂ ಗಲ್ಫಿನಲ್ಲಿ ದುಡಿದು ಬಂದವರೇ. ಅವರಲ್ಲಿ ಹಿರಿಯರು ಅಬ್ದುಲ್ ರವೂಫ್, ದುಬೈಯಲ್ಲಿ ತಲೆಗೂದಲು ಬೆಳ್ಳಗೆ ಮಾಡಿಕೊಂಡು ಬಂದವರು. ಅದ್ದು ಮೀನಿನ ಟೆಂಪೋ ಅಂಗಳದಲ್ಲಿ ನಿಲ್ಲಿಸಿ, ಕೈ ತೊಳೆದು, ನಗುತ್ತಾ ಹತ್ತಿ ಬಂದ.

"ಅತ್ತಿಗೆ, ಸಾಬೂನು ಆಮೇಲೆ ಹಂಚಿ. ಮೊದಲು ಹೇಳಿ. ನೀರು ಇತ್ತಾ?"

ಅವ್ವಮ್ಮ ಪೆಟ್ಟಿಗೆಯ ಹಗ್ಗಕ್ಕೆ ಕೈ ಹಾಕಿದರು. ಅದ್ದು ನನ್ನ ಕಡೆ ತಿರುಗಿದ. "ಇವರೂ ಅಲ್ಲಿಯವರೇ. ಹೇಳಿ ಅಣ್ಣ, ನೀರು ಉಂಟಾ ಅಲ್ಲಿ?"

"ಅವರನ್ನು ಕೇಳಬೇಡ," ಎಂದರು ಅವ್ವಮ್ಮ. "ಅವರನ್ನು ಕೇಳಿದ್ರೆ ಒಂಟೆ ಉಂಟು ಅಂತಾರೆ, ನಿನ್ನ ಅಣ್ಣನೇ ಹೇಳಿದ್ದಾರೆ. ನಾನು ಹೇಳ್ತೇನೆ. ನೀರಿಲ್ಲ. ಅದು ಗೊಂಬೆ. ನೀನು ಹೇಳಿದ್ದೇ ಸರಿ."

ಕೆಡವಿದ ಮಾತು ಅವರು ಎತ್ತಲೇ ಇಲ್ಲ. ಅದ್ದು ತೊಡೆ ತಟ್ಟಿದ. "ಹಾಗಾದ್ರೆ ಅಣ್ಣ ಹೇಳಿದ್ದೆಲ್ಲ ಸುಳ್ಳು."

"ನಿನ್ನ ಅಣ್ಣ ಒಳಗೆ ಹೋಗಲೇ ಇಲ್ಲ. ಹೊರಗೆ ಬಿಸಿಲಲ್ಲಿ ಗಾಡಿ ಕಾದರು. ನೋಡಿ ಬಂದವರ ಬಾಯಿಂದ ಕೇಳಿ ನನಗೆ ಹೇಳಿದರು. ನಾನು ಕೇಳದೆ ಬಿಡುವವಳಾ?" ಅವರು ಪೆಟ್ಟಿಗೆಯ ಹಗ್ಗ ಬಿಚ್ಚುತ್ತಲೇ ಇದ್ದರು. "ನಿನಗೆ ಗೊಂಬೆ ಅಂತ ಹೇಗೆ ಗೊತ್ತಾಯ್ತು ಅದ್ದು?"

"ದುಬೈಯಲ್ಲಿ ಇದ್ದವನಲ್ವಾ ನಾನು?"

"ನೋಡಿದ್ದೀಯಾ?"

ಅದ್ದು ಕುರ್ಚಿಯಲ್ಲಿ ಸರಿದು ಕೂತ. "ನಮ್ಮ ರೂಮಿನವ ಒಬ್ಬ ಹೋಗಿದ್ದ."

ಒಳಗಿಂದ ಹೆಂಗಸರು ನಕ್ಕರು. ಮಾರ್ಟಿನಾ ಟೀಚರು ಜಗಲಿಗೇ ಬಂದು, ಕ್ಲಾಸಿನಲ್ಲಿ ಕೇಳುವ ಹಾಗೆ ಗಂಡಸರನ್ನು ಕೇಳಿದರು. "ನಿಮ್ಮಲ್ಲಿ ಯಾರೆಲ್ಲ ಒಳಗೆ ಹೋಗಿದ್ದೀರಿ?"

ಒಬ್ಬ ಅದರ ಹಿಂದಿನ ಗಲ್ಲಿಯಲ್ಲಿ ಬಹಳ ಸಮಯ ಇದ್ದನಂತೆ. ಇನ್ನೊಬ್ಬ ಅದರ ಎದುರಿನ ರಸ್ತೆಗೆ ಡಾಮರು ಹಾಕಿದ್ದನಂತೆ. ಅಬ್ದುಲ್ ರವೂಫ್ ಗಂಟಲು ಸರಿ ಮಾಡಿಕೊಂಡರು. "ನಾನು ಬಸ್ಸಿಂದ ನೋಡಿದ್ದೇನೆ. ಹೊರಗೆ ಫಿರಂಗಿ ಉಂಟು."

"ಫಿರಂಗಿ ಒಳಗೂ ಉಂಟು," ಎಂದರು ಅವ್ವಮ್ಮ. ಮತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ಇಲ್ಲ, ನಾನು ಹೇಳಬಾರದು. ನಾನು ಸೋತಿದ್ದೇನೆ. ಇನ್ನು ದುಬೈಯ ಸುದ್ದಿ ಎತ್ತುದಿಲ್ಲ ಅಂತ ಮದುವೆ ಮನೆಯಲ್ಲಿ ಮಾತು ಕೊಟ್ಟದ್ದು."

ಅವರು ಸಾಬೂನು ಹಂಚಿದರು. ಹಾಲಿನ ಪುಡಿಯ ಡಬ್ಬ ತೆಗೆದಿಟ್ಟರು. ಚಾ ಬಂತು. ಎಲ್ಲರೂ ಚಾ ಕುಡಿದರು. ಸುದ್ದಿ ಮಾತ್ರ ಯಾವುದೂ ಮುಂದೆ ಹೋಗಲೇ ಇಲ್ಲ. ಮೀನಿನ ರೇಟು ಸ್ವಲ್ಪ ಮಾತಾಡಿದರು, ನಿಂತಿತು. ಕೊನೆಗೆ ಅಬ್ದುಲ್ ರವೂಫ್ ಗ್ಲಾಸು ಕೆಳಗಿಟ್ಟರು.

"ಅಲ್ಲ ಅವ್ವಮ್ಮ, ಆ ಕೆಳಗೆ ಹೋದ್ರೆ ಎಂಥೆಂಥ ಉಂಟು?"

"ನನ್ನನ್ನು ಕೇಳಬೇಡಿ ಕಾಕ. ಅದ್ದುವನ್ನು ಕೇಳಿ."

ಜಗಲಿಯ ಗಂಡಸರು, ಬಾಗಿಲಿನ ಹೆಂಗಸರು, ಎಲ್ಲ ಅದ್ದುವಿನ ಕಡೆ ನೋಡಿದರು. ಅದ್ದು ಒಂದು ಸಲ ಟೆಂಪೋ ಕಡೆ ನೋಡಿದ. ಕಿವಿಯ ಹಿಂದೆ ಕೆರೆದುಕೊಂಡ.

"ಹೇಳಿ ಅತ್ತಿಗೆ," ಎಂದ.

"ಷರತ್ತು?"

"ಷರತ್ತು ಗಿರತ್ತು ಖಲಾಸ್. ಹೇಳಿ."

ಅವ್ವಮ್ಮ ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆಯೇ ಕೂತರು. ಅದ್ದು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಅಬ್ದುಲ್ ರವೂಫ್ ಕೇಳುವ ಕಿವಿಯನ್ನು ಮುಂದೆ ಮಾಡಿದರು.

"ಮೊದಲು ಬಾಗಿಲಿನ ಹತ್ತಿರ ಟಿಕೆಟ್ ಹರಿದು ಕೊಡ್ತಾರೆ," ಎಂದು ಅವ್ವಮ್ಮ ಸುರುಮಾಡಿದರು.